ಕೊಪ್ಪರಿಗೆಗಳ ಸರದಿ

ನೈರೋಬಿಯಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಕೊಂಡಿದ್ದ ಅಡುಗೆಯ ದೊಡ್ಡ ಪಾತ್ರೆಗಳು ಲೊರೆಶೋ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿರುತ್ತಿದ್ದವು. ಕೊಪ್ಪರಿಗೆಗಳು, ಕೊಳದಪ್ಪಲೆಗಳು, ಒಂದು ಭಾರಿ ಬಾಣಲೆ. ನಮ್ಮ ಕಾರು ಪಾಪ, ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಯಾರ ಮನೆಯಲ್ಲಿ ನಾಮಕರಣವಾದರೂ ಮೊದಲ ಫೋನು ನನಗೆ, ಎರಡನೆಯದು ಪುರೋಹಿತರಿಗೆ. ಮೈಸೂರಿನವರು, ಮಂಗಳೂರಿನ ಕೊಂಕಣಿಯವರು ಎಂಬ ಭೇದವಿರಲಿಲ್ಲ. ಅವುಗಳಲ್ಲಿ ಮಾಂಸ ಬೇಯಿಸಬಾರದು ಎನ್ನುವುದೊಂದೇ ಕಟ್ಟಳೆ. ಈ ಅಧಿಕಾರ ನನಗೆ ಬಹಳ ಹಿಡಿಸಿತ್ತು, ಸುಳ್ಳೇಕೆ ಹೇಳಲಿ.

ನನ್ನ ನೌಕರಿಯೂ ಹೆಚ್ಚುಕಡಿಮೆ ಅದೇ ಜಾತಿಯದು. ಕಟ್ಟಡ ಕಟ್ಟುವ ಕಂಟ್ರಾಕ್ಟರರ ಕಚೇರಿಯಲ್ಲಿ ಯಾವ ಕೆಲಸ ಯಾವಾಗ ಆಗಬೇಕೆಂದು ಗೊತ್ತುಮಾಡುವ ಇಂಜಿನಿಯರ್ ನಾನು. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಫ್ಲಾಪಿಗಳಲ್ಲಿ, ಕೆಲಸಗಳ ವೇಳಾಪಟ್ಟಿ ಹಾಕುವ ಪ್ರೋಗ್ರಾಮೂ ಬಂತು. ಮೊದಲ ಸಲ, ಕಾಂಕ್ರೀಟು ಗಟ್ಟಿಯಾಗುವವರೆಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆ, ಜಾಕಿಗಳನ್ನು ಸಿಮೆಂಟಿನ ಹಾಗೆಯೇ ಖರ್ಚಾಗುವ ಸಾಮಾನೆಂದು ಬರೆದುಬಿಟ್ಟೆ. ಒಂದನೇ ಮಹಡಿ ಮುಗಿಯುವಷ್ಟರಲ್ಲಿ ಪ್ರೋಗ್ರಾಮು ಅಷ್ಟನ್ನೂ ನುಂಗಿ ನೀರು ಕುಡಿದು, ಎರಡನೆಯದಕ್ಕೆ ಹೊಸದು ಕೊಳ್ಳಿ ಎಂದಿತು. ಸಿಮೆಂಟು ಹೋದರೆ ಹೋಯಿತು. ಜಾಕಿ ಹಾಗಲ್ಲ, ಕೆಲಸ ಮುಗಿದ ಮೇಲೆ ಬಿಡಿಸಿಕೊಂಡು ವಾಪಸು ಬರುತ್ತದೆ. ನಮ್ಮಲ್ಲಿ ಎಷ್ಟಿವೆ, ಯಾವ ದಿನ ಎಷ್ಟು ಬಿಡುವಾಗಿರುತ್ತವೆ ಎಂದು ಅದಕ್ಕೆ ಬೇರೆ ರೀತಿಯಲ್ಲಿ ತಿಳಿಸಬೇಕು. ಸಾಲದೆ ಬಂದರೆ ಅದು ಕೆಲಸವನ್ನೇ ಮುಂದೂಡಿ ಸರಿಹೊಂದಿಸುತ್ತದೆ. ಇಷ್ಟು ಕಲಿತ ಮೇಲೆ ನನಗೆ ಕೊಂಬು ಬಂತು.

ಆಗಲೇ ತಂಗಿಯ ಮದುವೆ ಗೊತ್ತಾದದ್ದು. ಅವಳು ನಮ್ಮ ಜೊತೆಗಿದ್ದು ನ್ಗಾರಾದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹುಡುಗ ಮೈಸೂರಿನವನೇ, ನೈರೋಬಿಯಲ್ಲಿ ಡಾಕ್ಟರು. ತಂಗಿಯ ಆಸೆ ಒಂದೇ: ಮದುವೆ ಇಲ್ಲಿಯೇ ಆಗಬೇಕು, ತನ್ನ ಕ್ಲಾಸಿನ ಮಕ್ಕಳೆಲ್ಲ ಬರಬೇಕು. ಮೈಸೂರಿನಿಂದ ಬಂದಿಳಿದ ಅಮ್ಮನದೂ ಒಂದೇ ಷರತ್ತು. ಮನೆಯವರೇ ನಿಂತು ಬೇಯಿಸಿದ ಊಟವಾಗಬೇಕು. ಹೋಟೆಲಿನಿಂದ ತರಿಸುವುದಾದರೆ ಎಲ್ಲರೂ ಮೈಸೂರಿಗೆ ನಡೆಯಿರಿ. ಪುರೋಹಿತರು ಕೊಟ್ಟ ಭಾನುವಾರವನ್ನು ಬಿಟ್ಟರೆ ಹತ್ತಿರದಲ್ಲಿ ಬೇರೆ ಮುಹೂರ್ತವಿರಲಿಲ್ಲ.

ಆ ಭಾನುವಾರದ ಹಿಂದಿನ ದಿನಕ್ಕೆ ಪಾತ್ರೆಗಳನ್ನು ಕೊಡುವುದಾಗಿ ನಾನೇ ಬೇರೆಯವರಿಗೆ ಮಾತು ಕೊಟ್ಟಿದ್ದೆ. ಲಂಗಾಟಾ ಬಡಾವಣೆಯಲ್ಲಿದ್ದ, ನಾವೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಮಂಗಳೂರಿನ ಕೊಂಕಣಿ ಕ್ರೈಸ್ತ ಹೆಂಗಸಿನ ಮಗಳಿಗೂ ಅದೇ ವಾರ ಮದುವೆ. ಶನಿವಾರ ಸಂಜೆ ಅವರಲ್ಲಿ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲೆರೆಯುವ ಶಾಸ್ತ್ರ. ನಮಗೂ ಶನಿವಾರ ಸಂಜೆ ಗಂಡಿನ ಕಡೆಯವರಿಗೆ ಊಟ ಹಾಕಬೇಕು, ಮರುದಿನ ಬೆಳಿಗ್ಗೆ ತಿಂಡಿ, ಆಮೇಲೆ ಧಾರೆ, ಊಟ. ಕೊಟ್ಟ ಮಾತು ತಪ್ಪುವ ಜಾಯಮಾನ ನನ್ನದಲ್ಲ. ಕಂಪ್ಯೂಟರ್ ಇರುವುದು ಯಾತಕ್ಕೆ ಎಂದುಕೊಂಡು ಕಚೇರಿಯಲ್ಲಿ ಇಡೀ ಮದುವೆಯನ್ನು ಅದರೊಳಗೆ ತುಂಬಿದೆ. ಕೊಪ್ಪರಿಗೆಗಳ ಲೆಕ್ಕ, ತೊಳೆಯುವ ಹೊತ್ತು, ಲಂಗಾಟಾದಿಂದ ಬರುವ ಹೊತ್ತು, ಒಂದನ್ನೂ ಬಿಡಲಿಲ್ಲ. ಕೀಲಿ ಒತ್ತಿದೆ.

ಅಚ್ಚಾದ ಉದ್ದನೆಯ ಕಾಗದವನ್ನು ಮನೆಗೆ ತಂದು, ಓದಿ ನೋಡುವ ಮೊದಲೇ ಅಮ್ಮನ ಮುಂದೆ ಹರಡಿದ್ದು ನನ್ನ ಜಂಬ. ಅಮ್ಮ ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ಬೆರಳಿಟ್ಟು ನೋಡಿದರು. ಪಾತ್ರೆ ಸಾಲದೆ ಪ್ರೋಗ್ರಾಮು ನಮ್ಮ ಶನಿವಾರದ ಊಟವನ್ನು ಮುಂದೆ ತಳ್ಳಿತ್ತು. ಊಟ ತಿಂಡಿಯನ್ನು ತಳ್ಳಿತ್ತು, ತಿಂಡಿ ಧಾರೆಯನ್ನು. ನಮ್ಮ ಕಚೇರಿಗೆ ಭಾನುವಾರ ರಜೆಯೆಂದು ಅದಕ್ಕೆ ಗೊತ್ತಿದ್ದುದರಿಂದ, ಮಾಂಗಲ್ಯಧಾರಣೆ ನೇರವಾಗಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ಕುಳಿತಿತ್ತು.

"ಸೋಮವಾರ ಎಂಟಕ್ಕೆ ರಾಹುಕಾಲ ಕಣೇ," ಎಂದರು ಅಮ್ಮ. "ನಿನ್ನ ಮಿಷನ್ನಿಗೆ ಬೇರೆ ಹೊತ್ತೇ ಸಿಗ್ಲಿಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಅಲ್ಲಿಗೇ ಬಿಡದೆ ಮೈಸೂರಿನ ಛತ್ರದ ಮಾತೆತ್ತಿದರು. ತಂಗಿ ಎದ್ದುಹೋಗಿ, ಮಕ್ಕಳಿಗಾಗಿ ತಾನೇ ಬಣ್ಣ ಬಳಿದಿದ್ದ ಆಹ್ವಾನದ ಕಾರ್ಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು. ಅದನ್ನು ನೋಡಲಾಗಲಿಲ್ಲ. ಕಾರು ಹತ್ತಿ ಲಂಗಾಟಾಕ್ಕೆ ಹೋದೆ.

ಅವತ್ತು ಪಾತ್ರೆ ಕೊಡಲಾಗದು ಎಂದು ಹೇಳುವ ಉದ್ದೇಶವೇ ನನಗಿತ್ತು. ಮಾತು ತೆಗೆಯುವಷ್ಟರಲ್ಲಿ ನಾಚಿಕೆಯಾಗಿ, ಕಾಗದವನ್ನೇ ಕೈಗಿತ್ತೆ. ಬಾಯಿಯವರು ಅದನ್ನು ಸೀರೆ ನೋಡುವಂತೆ ಉದ್ದಕ್ಕೆ ಬಿಚ್ಚಿ, ನಮ್ಮ ಶನಿವಾರದ ಅನ್ನ, ತಮ್ಮ ಶನಿವಾರದ ಅನ್ನ, ನಮ್ಮ ಸಾರು, ತಮ್ಮ ಸಾರು ಎಂದು ಬೇರೆಬೇರೆಯಾಗಿದ್ದ ಗೆರೆಗಳ ಮೇಲೆ ಕೈಯಾಡಿಸಿದರು.

"ಎರಡು ಕಡೆ ಯಾಕೆ ಬೇಯಿಸುದು ಮಾರಾಯ್ತಿ? ಬೀಗರನ್ನು ಇಲ್ಲಿಗೇ ಕರ್ಕೊಂಡು ಬನ್ನಿ. ಮುಂದಿನ ಒಲೆ ನಿಮ್ಮಮ್ಮಂದು. ನಮ್ಮ ಮಾಂಸದ್ದೆಲ್ಲ ಹಿಂದೆ, ನಮ್ಮದೇ ಪಾತ್ರೆಯಲ್ಲಿ."

ಎಷ್ಟು ಸುಲಭ! ಪಾತ್ರೆಗಳನ್ನು ಹಂಚುವುದರಲ್ಲೇ ನನ್ನ ತಲೆ ಸಿಕ್ಕಿಹಾಕಿಕೊಂಡಿತ್ತು. ಊಟಗಳನ್ನು ಕೂಡಿಸುವುದು ಹೊಳೆದೇ ಇರಲಿಲ್ಲ. ಮರುದಿನ ಎರಡು ಅಡುಗೆಗಳನ್ನು ಅಳಿಸಿ ಒಂದು ಮಾಡಿದೆ, ಭಾನುವಾರದ ರಜೆಯನ್ನೂ ಕಿತ್ತುಹಾಕಿದೆ. ಧಾರೆ ತನ್ನ ಮುಹೂರ್ತಕ್ಕೆ ಮರಳಿತು. ಕೊರತೆಯ ಜಾಗದಲ್ಲಿ ಸೊನ್ನೆ ಕಂಡಾಗ ಕುಣಿಯುವಷ್ಟು ಖುಷಿಯಾಯಿತು.

ಅಮ್ಮ ಮಾತ್ರ ಕಾಗದವನ್ನು ನಂಬಲಿಲ್ಲ. ತಂಗಿಯನ್ನೂ ಕರೆದುಕೊಂಡು ತಾವೇ ಲಂಗಾಟಾಕ್ಕೆ ಬಂದು ಅಂಗಳ ಅಳೆದು, ಎರಡು ಒಲೆಗಳ ನಡುವಿನ ದೂರ ನೋಡಿ, ಬಾಯಿಯವರ ಜೊತೆ ಒಂದು ಲೋಟ ಕಾಫಿ ಕುಡಿದರು. ಇಬ್ಬರೂ ತೆಂಗಿನಕಾಯಿಯ ಬೆಲೆಯನ್ನು ಮನಸಾರೆ ಬೈದುಕೊಂಡರು. ಹಿಂದಿರುಗುವಾಗ ಕಾರಿನಲ್ಲಿ ಅಮ್ಮ ತಂಗಿಗೆ ಹೇಳಿದರು, "ಕಾರ್ಡು ಹಂಚು ಹೋಗು."

ಶನಿವಾರ ಸಂಜೆ ಆ ಅಂಗಳದಲ್ಲಿ ಕನ್ನಡ, ಕೊಂಕಣಿ, ತುಳು, ಇಂಗ್ಲಿಷು ಎಲ್ಲ ಒಂದೇ ಒಗ್ಗರಣೆಯಾಗಿದ್ದವು. ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದಿನ ಒಲೆಯನ್ನು ಆಳಿದರು. ಬಾಯಿಯವರು ಕರೆದಾಗ ಸೌಟನ್ನು ನನಗೆ ಕೊಟ್ಟು ಹೋಗಿ, ಅವರ ಮಗಳ ನೆತ್ತಿಗೆ ತೆಂಗಿನ ಹಾಲೆರೆದು, ಕಣ್ಣೊರೆಸಿಕೊಂಡು ಬಂದರು. ಬೀಗರು ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಊಟವಾದ ಮೇಲೆ ಎರಡೂ ಮನೆಯ ಹೆಂಗಸರು ಸಾಲಾಗಿ ಕೂತು ಪಾತ್ರೆ ಬೆಳಗಿದರು. ಬಾಡಿಗೆಗೆ ಹಿಡಿದಿದ್ದ ಮಟಾಟು ವ್ಯಾನಿನಲ್ಲಿ ಅವು ದಾರಿಯುದ್ದಕ್ಕೂ ಗಡಗಡ ಎನ್ನುತ್ತ, ಮದುವೆಗೆ ಗೊತ್ತುಮಾಡಿದ್ದ ನ್ಗಾರಾದ ಸಭಾಭವನಕ್ಕೆ ಹೋದವು.

ಭಾನುವಾರ ತಿಂಡಿ ಹೊತ್ತಿಗೆ ಸರಿಯಾಗಿ ಆಯಿತು. ಧಾರೆಯ ಹೊತ್ತಿಗೆ ತಂಗಿಯ ಕ್ಲಾಸಿನ ಮಕ್ಕಳು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ಮುಂದಿನ ಎರಡು ಸಾಲು ತುಂಬಿದರು. ವೇದಿಕೆಯ ಮೇಲೆ ವಧೂವರರು ಎದುರುಬದುರು ನಿಂತಿದ್ದರು, ನಡುವೆ ಅಂತರಪಟ. ವಾದ್ಯ ಜೋರಾಯಿತು, ಪುರೋಹಿತರು ಪಟ ಸರಿಸಿದರು. ತಲೆ ತುಂಬ ಹೂವಿನ ತಮ್ಮ ಟೀಚರು ಕಂಡದ್ದೇ ತಡ, ಮಕ್ಕಳೆಲ್ಲ ದಡಬಡನೆ ಎದ್ದು ನಿಂತು ಒಂದೇ ರಾಗದಲ್ಲಿ, "ಗುಡ್ ಮಾರ್ನಿಂಗ್, ಟೀಚರ್" ಎಂದರು.

ವಾದ್ಯ ನಿಂತಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಅಳುತ್ತಿದ್ದರು. ತಂಗಿ ಕೈಯಲ್ಲಿದ್ದ ಜೀರಿಗೆ ಬೆಲ್ಲ ಮರೆತು, ಅಭ್ಯಾಸಬಲದಿಂದ, "ಗುಡ್ ಮಾರ್ನಿಂಗ್ ಚಿಲ್ಡ್ರನ್, ಸಿಟ್ ಡೌನ್" ಎಂದಳು. ಮಕ್ಕಳು ಕೂತರು. ಎದುರಿಗಿದ್ದ ಮದುಮಗನೂ ಕೂತುಬಿಟ್ಟ.