ವರ್ಲೀನ್ ಗುಡಿಸುವ ಬೋಳು ಅಂಗಳ

ಬೆಳಗಿನ ಆರು ಗಂಟೆ. ಕಾಡಿನ ಎಳೆ ಕೊಂಬೆಗಳನ್ನು ಕಟ್ಟಿ ಮಾಡಿದ ಪೊರಕೆ ಹಿಡಿದು ಅರವತ್ತೊಂಬತ್ತರ ವರ್ಲೀನ್ ಗ್ಯಾಡ್ಸನ್ ನಡುವಿನ ಜೋಪಡಿಯ ಅಂಗಳ ಗುಡಿಸುತ್ತಿದ್ದಾರೆ. ಹಿಂದಕ್ಕೆ ನಡೆಯುತ್ತ ಗುಡಿಸುವುದು ಅವರ ಪದ್ಧತಿ, ತಮ್ಮ ಹೆಜ್ಜೆಯೂ ಮಣ್ಣಿನ ಮೇಲೆ ಉಳಿಯಬಾರದು. ಅಕ್ಕಪಕ್ಕದ ಎರಡು ಜೋಪಡಿಗಳ ಮುಂದೆ ಹೊಚ್ಚ ಹೊಸ ಹುಲ್ಲುಹಾಸು. ಅತ್ತ ಅವರು ಕಣ್ಣೆತ್ತಿಯೂ ನೋಡುವುದಿಲ್ಲ.

"ಬಾಗಿಲ ಮುಂದೆ ಹುಲ್ಲು ಬೆಳೆದ್ರೆ ಮಾನ ಹೋದಂಗೆ ಅಂತಿದ್ಲು ನಮ್ಮಜ್ಜಿ. ಹೊಲ ದೊರೇದು, ಮೈ ದೊರೇದು. ಈ ಅಂಗಳ ಒಂದೇ ನಮ್ದು."

ದಕ್ಷಿಣ ಕ್ಯಾರೊಲೈನಾದ ಈ ಹಳೆಯ ಭತ್ತದ ಎಸ್ಟೇಟಿನಲ್ಲಿ ಅವರ ಹಿರಿಯರು ಗುಲಾಮರಾಗಿದ್ದರು. ಬಿಡುಗಡೆಯಾದ ಮೇಲೂ ಅದೇ ಸೂರಿನಡಿ ಗೇಣಿಗೆ ದುಡಿದರು, ಬೆಳೆದದ್ದರಲ್ಲಿ ಅರ್ಧ ದೊರೆಯ ದೊಡ್ಡ ಮನೆಗೆ ಸುರಿದರು. ವರ್ಲೀನ್ ಹುಟ್ಟಿದ್ದು ಈ ನಡುವಿನ ಜೋಪಡಿಯಲ್ಲೇ. ಇಪ್ಪತ್ತೆಂಟು ವರ್ಷಗಳಿಂದ ಎಸ್ಟೇಟಿನ ಸಂಬಳಕ್ಕೆ ವಾರಕ್ಕೆ ಆರು ದಿನ ಇದರ ಅಂಗಳದ ಹುಲ್ಲು ಕಿತ್ತು ಕಸ ಹೊಡೆಯುತ್ತಾರೆ. ಒಂದು ಪೊರಕೆ ಎರಡು ತಿಂಗಳು ಬಾಳುತ್ತದೆ.

ದೊಡ್ಡ ಮನೆಯಲ್ಲೀಗ ಶನಿವಾರಕ್ಕೊಂದು ಮದುವೆ. ಪ್ರವಾಸಿಗರಿಗೆ ಜೋಪಡಿ ತೋರಿಸುವವರು "ಸೇವಕರ ಮನೆ" ಎನ್ನುತ್ತಾರೆ. ಸೇವಕರಂತೆ! ಇದೇ ಊರಲ್ಲಿ ಹುಟ್ಟಿ, ಇವತ್ತು ವರ್ಲೀನರ ಜೊತೆಗೆ ಬಂದಿರುವ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಸ ಮ್ಯಾನೇಜರ್‌ಗೆ ವರ್ಲೀನರ ಅರ್ಧದಷ್ಟು ವಯಸ್ಸು. ಬೋಳು ಅಂಗಳ ಕಂಡು ಮೂಗು ಮುರಿದನಂತೆ.

"ಇಲ್ಲಿ ಹುಲ್ಲು ಹಾಸ್ತೀವಿ ವರ್ಲೀನ್, ಮದುಮಕ್ಕಳ ಫೋಟೊ ಚೆನ್ನಾಗಿ ಬರುತ್ತೆ. ನೀನು ನೀರು ಬಿಟ್ರೆ ಸಾಕು, ಗುಡಿಸೋ ಕಷ್ಟ ತಪ್ತು ನೋಡು."

"ಇಪ್ಪತ್ತೆಂಟು ವರ್ಷ ಹುಲ್ಲು ಕಿತ್ತಿದ್ದಕ್ಕೆ ಈಗ ನೀರೂ ನಾನೇ ಹಾಕ್ಬೇಕಾ, ಸಾರ್?"

ಅವನು ತಮಾಷೆ ಎಂದುಕೊಂಡು ನಕ್ಕ. ಇವತ್ತು ನಡುವಿನ ಅಂಗಳದ ಸರದಿ. ಎಂಟಕ್ಕೆ ಲಾರಿ ಬಂದು ಹುಲ್ಲಿನ ಸುರುಳಿಗಳನ್ನು ಇಳಿಸುತ್ತದೆ. ಹಿಂದೆಯೇ ಬಂದ ಮ್ಯಾನೇಜರ್, "ಆ ಪೊರಕೆ ಬಿಟ್ಟು ಹೋಗು, ಗೋಡೆಗೆ ನೇತು ಹಾಕೋಣ. ಹಳೇ ಕಾಲದ ಕಳೆ ಬರುತ್ತೆ" ಎನ್ನುತ್ತಾನೆ.

"ಇದಕ್ಕಿನ್ನೂ ಕೆಲಸ ಇದೆ ಸಾರ್," ಎಂದು ವರ್ಲೀನ್ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಾರೆ.

ಗೇಟಿನವರೆಗೂ ನಾನು ಅವರ ಜೊತೆ ನಡೆದೆ. ಇನ್ನೇನು ಆಸೆ ಇದೆ ಎಂದು ಕೇಳಿದೆ. ಕೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

"ನನ್ನ ಗೋರಿ ಮೇಲೆ ಹುಲ್ಲು ಬರೋಕೆ ಬಿಡಬೇಡ ಮಗಾ. ನಮ್ಮ ಹಿರಿಯರ ಗೋರಿ ಗುಡಿಸ್ತಿದ್ರಲ್ಲ, ಹಂಗೇ ಗುಡಿಸು. ಹಿಂದಕ್ಕೆ ನಡೀತಾ ಗುಡಿಸ್ಬೇಕು, ಗೊತ್ತಲ್ಲ? ಅಷ್ಟು ಜಾಗನಾದ್ರೂ ನಮ್ದಾಗಿರ್ಲಿ."