ತೂಬಗೆರೆ ಬಸ್ಸಿನ ಕೆಂಪು ಚೌಕಗಳು

ದೊಡ್ಡಬಳ್ಳಾಪುರದ ನಮ್ಮ ವಾರಪತ್ರಿಕೆಯ ಸಂಪಾದಕರು ಅಂಕಿಅಂಶಗಳ ಚಿತ್ರ ಯಾವುದೇ ಇರಲಿ, ಅಚ್ಚಿಗೆ ಮೊದಲು ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತಿದ್ದರು. ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಪ್ರಯಾಣಿಕರಂತೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ನೋಡಿದವರು "ಏನಿದು?" ಎಂದರೆ ಕಿತ್ತು ತಂದು, "ಇನ್ನೊಂದ್ಸಲ ಮಾಡಮ್ಮ" ಎನ್ನುತ್ತಿದ್ದರು. ನನ್ನ ಒಂದು ಚಿತ್ರವೂ ಇನ್ನೂ ಅಚ್ಚಾಗಿರಲಿಲ್ಲ.

ಆ ಸಲ ತಿಂಗಳ ದಿನಗಳನ್ನು ಚೌಕಗಳಾಗಿ ಜೋಡಿಸಿ, ತೂಬಗೆರೆ ಬಸ್ಸು ಸಿಗದ ದಿನಗಳಿಗೆ ಕೆಂಪು ಬಳಿದಿದ್ದೆ.

ಕಾಲೇಜು ಹುಡುಗಿಯೊಬ್ಬಳು ಗೆಳತಿಯನ್ನು ಎಳೆದಳು. "ಲೇ, ನಮ್ಮ ಬಸ್ ಕಣೇ! ಸೋಮವಾರ ಪೂರ್ತಿ ಕೆಂಪು!"

ಅಷ್ಟರಲ್ಲಿ ಬಂದ ಅದೇ ಬಸ್ಸಿನ ಕಂಡಕ್ಟರ್ ಇಣುಕಿದ. "ಮೊನ್ನೆ ಸೋಮವಾರ ಬಂದಿದ್ವಲ್ಲಮ್ಮ?"

"ಬಂದ್ರಿ ಸಾರ್, ನಿಲ್ಲಿಸ್ಲಿಲ್ಲ!"

ನಿಲ್ದಾಣವೇ ನಕ್ಕಿತು, ಕಂಡಕ್ಟರೂ ನಕ್ಕ. ಸಂಪಾದಕರು ಚಪ್ಪಾಳೆ ತಟ್ಟಿ, ಕಂಬದಾಚೆ ನಿಂತಿದ್ದ ನನ್ನತ್ತ ಕೂಗಿದರು: "ಮೊದಲ್ನೇ ಪುಟ ಕಣಮ್ಮ!"