ಹಳೆ ಕಾರಿಗೂ ತೆರಿಗೆ

ಹೊಸಂಗಡಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ನನ್ನ ಭಾವನಿಗೆ ಗೊತ್ತಿದ್ದದ್ದು ಪಾತ್ರೆ ಅಂಗಡಿಯ ಕ್ರಮ: ಹಳೆ ಕಂಚನ್ನು ತೂಗಿ ಕೊಟ್ಟು, ಹೊಸ ಪಾತ್ರೆಗೆ ಹೆಚ್ಚಾದ ತೂಕದ ದುಡ್ಡನ್ನಷ್ಟೇ ಕೊಡುವುದು. ಮರುದಿನದ ಮದುವೆ ದಿಬ್ಬಣಕ್ಕೆ ಹೊಸ ಕಾರೇ ಬರುತ್ತದೆಂದು ಮದುಮಗಳ ತಂದೆಗೆ ಮಾತು ಕೊಟ್ಟು, ಹಳೆ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಮಂಗಳೂರಿಗೆ ಹೊರಟರು. ನೇತ್ರಾವತಿಗೆ ಸೇತುವೆಯಿಲ್ಲದ ಕಾಲ, ಕಾರನ್ನು ಜೋಡುದೋಣಿಯ ಮೇಲೆ ದಾಟಿಸಿದರು. ಹೊಸ ಕಾರಿಗೆ ಹಾಕಲು ಒಂದು ಮಲ್ಲಿಗೆ ಮಾಲೆಯನ್ನೂ ಕೊಂಡರು.

ಕಾರಿನ ಅಂಗಡಿಯಲ್ಲಿ ಹೊಸದರ ಅರ್ಧ ಬೆಲೆಗೆ ಹಳೆ ಕಾರನ್ನು ಬರೆದುಕೊಟ್ಟಾಯಿತು. ಅಲ್ಲಿನ ಕೆಲಸದವರು ರಿಪೇರಿಗೆಂದು ಅದರ ಇಂಜಿನ್ ಬಿಚ್ಚಿಯೂ ಆಯಿತು. ಆಮೇಲೆ ಗುಮಾಸ್ತ ಮಾರಾಟ ತೆರಿಗೆಯ ಲೆಕ್ಕ ಹೇಳಿದ, ಹೊಸ ಕಾರಿನ ಪೂರ್ತಿ ಬೆಲೆಯ ಮೇಲೆ.

“ಎಂತದು ಮಾರಾಯ, ಅರ್ಧ ಬೆಲೆಗೆ ನನ್ನ ಕಾರೇ ಕೊಟ್ಟಿದ್ದೇನಲ್ಲ! ಅದಕ್ಕೂ ಟ್ಯಾಕ್ಸ್ ಉಂಟಾ?”

“ಉಂಟು. ನಾನೆಂತ ಮಾಡುದು ಧಣಿ, ಸರ್ಕಾರಕ್ಕೆ ಹೇಳಿ.”

ಭಾವನ ಕೈಯಲ್ಲಿದ್ದದ್ದು ಉಳಿದರ್ಧದ ಹಣ ಮಾತ್ರ. ತೆರಿಗೆ ಹೊಂದಿಸಿ ತರುವವರೆಗೆ ಹೊಸ ಕಾರು ಸಿಗುವುದಿಲ್ಲ. ಹಳೆಯದು ಓಡುವ ಸ್ಥಿತಿಯಲ್ಲಿಲ್ಲ. ದೋಣಿಯಲ್ಲಿ ನೇತ್ರಾವತಿ ದಾಟಿ ಬಸ್ಸು ಹತ್ತಿದೆವು.

ಹೊಸಂಗಡಿಯಲ್ಲಿ ಮದುಮಗಳ ತಂದೆ ಕಾಯುತ್ತಿದ್ದರು. “ಕಾರೆಲ್ಲಿ?” ಎಂದು ನಮ್ಮ ಹಿಂದೆ ಇಣುಕಿದರು.

ಭಾವ ಬಾಡಿದ ಮಾಲೆಯನ್ನು ಅವರ ಕೈಗಿಟ್ಟರು.

“ಬಂದದ್ದು ಇದೊಂದೇ.”